ಜ್ವರ, ಮನಸ್ಸು ಮತ್ತು ನಮ್ಮಜ್ಜಿ

ಮೊನ್ನೆ ಮಳೆಯಲ್ಲೇ ಮೂರ್ನಾಡಿಗೆ ಹೋಗಿದ್ದೆ. ಕರೆಂಟಿಲ್ಲ, ನೆಟ್ಟಿಲ್ಲ. ಒಲೆ ಮುಂದೆ ಕೂತಾಗ ಅಮ್ಮ ಸೋದರಮಾವನ ವಿಷಯ ತೆಗೆದರು. ಇಪ್ಪತ್ತೆರಡನೇ ವಯಸ್ಸಿಗೆ ಮಾವನಿಗೆ ಸ್ಕಿಜೋಫ್ರೇನಿಯಾ ಶುರುವಾಯಿತಂತೆ. ಯಾರೋ ಮಾಟ ಅಂದರು. ಉಳಿದವರೆಲ್ಲ "ತಾಯಿ ಬೆಳೆಸಿದ ರೀತಿ" ಅಂದರು. ಅಜ್ಜಿ ಸಾಯುವ ತನಕ ಅದನ್ನೇ ನಂಬಿದ್ದರು..

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಇದರ ಬಗ್ಗೆ ಓದತೊಡಗಿದೆ. ನಾನು ಕೋಡ್ ಬರೆಯುವವನು, ಡಾಕ್ಟರಲ್ಲ. ತಪ್ಪಿದ್ದರೆ ತಿದ್ದಿ :)

ಅಜ್ಜಿಯನ್ನು ದೂರಿದ್ದು ನಮ್ಮೂರವರು ಮಾತ್ರ ಅಲ್ಲ. ಈ ಕಾಯಿಲೆ ತಾಯಿಯಿಂದ ಬರುತ್ತದೆ ಎಂಬರ್ಥದ ಪದವನ್ನೇ 1948ರಲ್ಲಿ ಅಮೆರಿಕದಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವೈದ್ಯೆ ಬಳಸಿದ್ದರು. ದಶಕಗಳ ಕಾಲ ಅದು ಓಡಾಡಿತು.

ಆದರೆ ಅದಕ್ಕಿಂತ ಹಳೆಯ ಇನ್ನೊಂದು ಎಳೆಯಿದೆ. 1917ರಲ್ಲಿ ವಿಯೆನ್ನಾದ ವಾಗ್ನರ್-ಯಾರೆಗ್, ಸಿಫಿಲಿಸ್ ಮೆದುಳಿಗೇರಿ ಬುದ್ಧಿ ಕೆಟ್ಟವರಿಗೆ ಮಲೇರಿಯಾ ರೋಗಿಯ ರಕ್ತ ಚುಚ್ಚಿ ಜ್ವರ ಬರಿಸಿದರು. ಕೆಲವರು ಚೇತರಿಸಿಕೊಂಡರು, ಕೆಲವರು ಸತ್ತರು. 1927ರಲ್ಲಿ ಅವರಿಗೆ ನೊಬೆಲ್! ಕೊಡಗಿನವರು ಮಲೇರಿಯಾಕ್ಕೆ ನಡುಗುತ್ತಿದ್ದ ಕಾಲವದು. 1918ರ ಫ್ಲೂ ನಂತರ ಬಾಸ್ಟನ್ನಿನಲ್ಲಿ ಕಾರ್ಲ್ ಮೆನಿಂಜರ್, ಜ್ವರದ ಬೆನ್ನಿಗೇ ಮನಸ್ಸು ಕದಡಿದವರ ಬಗ್ಗೆ ಬರೆದರು. 1957ರ ಫ್ಲೂ ಸಮಯದಲ್ಲಿ ಹೆಲ್ಸಿಂಕಿಯಲ್ಲಿ ತಾಯಿಯ ಹೊಟ್ಟೆಯಲ್ಲಿದ್ದವರಿಗೆ ಈ ಕಾಯಿಲೆ ತುಸು ಹೆಚ್ಚು ಎಂದು 1988ರಲ್ಲಿ ವರದಿಯಾಯಿತು. ಆಮೇಲಿನ ಅಧ್ಯಯನಗಳೆಲ್ಲ ಅದನ್ನು ಒಪ್ಪಲಿಲ್ಲ.

2009ರಲ್ಲಿ ಸುಳಿವು ಸಿಕ್ಕಿದ್ದು ಆರನೇ ಕ್ರೋಮೋಸೋಮಿನಲ್ಲಿ, ರೋಗನಿರೋಧಕ ಜೀನ್‌ಗಳು ಗುಂಪಾಗಿರುವ ಜಾಗದಲ್ಲಿ. 2016ರಲ್ಲಿ, ಸುಮಾರು 65 ಸಾವಿರ ಜನರ ಡಿಎನ್ಎ ನೋಡಿ, ಅಲ್ಲಿನ ಸಿ4 ಎಂಬ ಜೀನ್ ಹಿಡಿದರು. ರೋಗಾಣುಗಳಿಗೆ "ಇದನ್ನು ತೆಗೆದುಹಾಕಿ" ಅಂತ ಗುರುತು ಹಾಕುವ ಪ್ರೋಟೀನು ಅದರದ್ದು. ಬೆಳೆಯುವ ಮೆದುಳಿನಲ್ಲಿ ಬೇಡದ ನರಸಂಪರ್ಕಗಳನ್ನು ಕತ್ತರಿಸುವುದರಲ್ಲೂ ಅದರ ಕೈಯಿದೆ. ಕಾಫಿ ಗಿಡದ ಕಸಿ ಮಾಡಿದ ಹಾಗೆ ಅನ್ನಿ, ಜಾಸ್ತಿ ಕತ್ತರಿಸಿದರೆ ಗಿಡಕ್ಕೇ ಪೆಟ್ಟು. ನಮ್ಮ ನಿಮ್ಹಾನ್ಸ್‌ನವರೂ 2014ರಲ್ಲಿ, ಉರಿಯೂತಕ್ಕೆ ಸಂಬಂಧಿಸಿದ ಇಂಟರ್‌ಲ್ಯೂಕಿನ್-6 ಜೀನಿಗೂ ರೋಗಿಗಳ ಮೆದುಳಿನ ಹಿಪೊಕ್ಯಾಂಪಸ್ ಗಾತ್ರಕ್ಕೂ ಇರುವ ನಂಟನ್ನು ಪ್ರಕಟಿಸಿದರು.

ಹಾಗಂತ ಎಲ್ಲಾ ಬಿಡಿಸಿತು ಅಂತಲ್ಲ. ಸಿ4 ಅನೇಕ ಕಾರಣಗಳಲ್ಲಿ ಒಂದು. ಬಸುರಿಯಲ್ಲಿ ಜ್ವರ ಬಂತೆಂದು ಮತ್ತೆ ತಾಯಿಯನ್ನೇ ದೂರುವುದೂ ಬೇಡ. ಜ್ವರ ಬಂದ ಬಹುತೇಕ ತಾಯಂದಿರ ಮಕ್ಕಳು ಚೆನ್ನಾಗೇ ಇರುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಇದ್ದಾಗ ಇದನ್ನ ಯಾರಾದ್ರೂ ಹೇಳ್ಬೇಕಿತ್ತು ಮಗಾ" ಅಂದರು.

ನಿಮ್ಮ ಮನೆಗಳಲ್ಲೂ ಇಂಥ ಅಜ್ಜಿಯರಿದ್ದರೆ, ದಯವಿಟ್ಟು ಈಗಲೇ ಹೇಳಿ.