ನಂದಾ ಟಾಕೀಸಿನಿಂದ ನಮ್ಮನೆ ಹಾಲ್‌ವರೆಗೆ

ಮೊನ್ನೆ ಭಾನುವಾರ ಬೆಳಿಗ್ಗೆ ಗೆಳೆಯನೊಬ್ಬ ಫೋನ್ ಮಾಡಿ "ಹೊಸ ಕನ್ನಡ ಪಿಕ್ಚರ್ ಬಂದಿದೆ, ಬಾರೋ ಹೋಗೋಣ" ಅಂದ. ನಾನು ಎಂದಿನಂತೆ "ಇಲ್ಲಪ್ಪಾ, ಸ್ವಲ್ಪ ದಿನ ಕಾಯ್ತೀನಿ, ಮನೇಲೇ ನೋಡ್ತೀನಿ" ಅಂದೆ. ಅವನಿಗೆ ಸಿಟ್ಟು ಬಂತು. "ನಿನ್ನಂಥೋರಿಂದಾನೇ ಕಣೋ ಜಯನಗರದ ಥಿಯೇಟರ್‌ಗಳೆಲ್ಲಾ ಮುಚ್ಚಿಹೋಗಿದ್ದು" ಅಂತ ಬೈದು ಫೋನ್ ಇಟ್ಟ.

ತಮಾಷೆಗೆ ಬೈದದ್ದೇ ಇರಬಹುದು. ಆದರೆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಿಜವಾಗಿಯೂ ನಾನು ಮನೆಯಲ್ಲಿ ಕೂತಿದ್ದಕ್ಕೆ ಥಿಯೇಟರ್ ಮುಚ್ಚಿತೋ, ಥಿಯೇಟರ್ ಹೋಗಿದ್ದಕ್ಕೆ ನಾನು ಮನೆಯಲ್ಲಿ ಕೂತೆನೋ? ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಥರದ ಪ್ರಶ್ನೆ. ನನಗೆ ನೆನಪಿರುವ ನಲವತ್ತು ವರ್ಷದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ ಅನ್ನಿಸಿತು.

ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ೧೯೪೮ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆ ಇದು. ಅಗಲ ರಸ್ತೆ, ಬ್ಲಾಕಿಗೊಂದು ಪಾರ್ಕು, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ಸ್ಕೂಲು, ದೇವಸ್ಥಾನ. ನಮ್ಮ ಮಟ್ಟಿಗೆ ಸಿನಿಮಾ ಕೂಡ ಆ ನಡೆದು ಹೋಗುವ ಪಟ್ಟಿಯಲ್ಲೇ ಇತ್ತು. ಸೌತ್ ಎಂಡ್ ಸರ್ಕಲ್‌ನಲ್ಲಿ ಶಾಂತಿ, ಆಚೆಗೆ ನಂದಾ, ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್ ಒಳಗೇ ಪುಟ್ಟಣ್ಣ ಕಣಗಾಲ್ ಅವರ ಹೆಸರಿನ ಪುಟ್ಟಣ್ಣ ಚಿತ್ರಮಂದಿರ, ತಿಲಕ್‌ನಗರದ ಕಡೆ ಸ್ವಾಗತ್. ತಾವರೆಕೆರೆಯವರಿಗೆ ಲಕ್ಷ್ಮಿ, ಮಡಿವಾಳದವರಿಗೆ ಸಂಧ್ಯಾ. (ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋದು ಅಲ್ಲೇ ಬಾಡಿಗೆಗಿರುವ ಎಷ್ಟೋ ಜನರಿಗೆ ಗೊತ್ತಿಲ್ಲ!)

ಮೆಜೆಸ್ಟಿಕ್‌ಗೆ ಹೋಗಿ ಪಿಕ್ಚರ್ ನೋಡೋದು ಹಬ್ಬದ ಲೆಕ್ಕ. ನಂದಾಗೆ ಹೋಗೋದು ಪಕ್ಕದ ಮನೆಗೆ ಹೋದ ಲೆಕ್ಕ. ಅಮ್ಮ ಮಧ್ಯಾಹ್ನದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು, ಬೀದಿಯ ಇನ್ನಿಬ್ಬರು ಹೆಂಗಸರ ಜೊತೆ ಮ್ಯಾಟಿನಿಗೆ ನಡೆದೇ ಹೋಗಿ, ನಾವು ಸ್ಕೂಲಿನಿಂದ ಬಂದ ಸ್ವಲ್ಪ ಹೊತ್ತಿಗೆ ಬಂದು ಕಾಫಿ ಬೆರೆಸುತ್ತಿದ್ದಳು. ಬಸ್ಸಿಲ್ಲ, ಪಾರ್ಕಿಂಗ್ ಇಲ್ಲ, ಮೊದಲೇ ಬುಕ್ ಮಾಡುವುದಿಲ್ಲ.

ಆಗ ಸಿನಿಮಾ ನೋಡಲು ಬೇರೆ ದಾರಿಯೂ ಇರಲಿಲ್ಲ ಅನ್ನೋದನ್ನು ಮರೆಯಬಾರದು. ೧೯೭೨ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂತ ಹೆಮ್ಮೆಯಿಂದ ಹೇಳ್ತೀವಿ. ರಾಜ್‌ಕುಮಾರ್ ಕಾರಣ ಹೌದು, ಚಿತ್ರ ಕಾರಣ ಹೌದು. ಜೊತೆಗೆ ಇನ್ನೊಂದು ಸಣ್ಣ ಕಾರಣವಿದೆ. ಇನ್ನೊಂದು ಸಲ ನೋಡಬೇಕು ಅನ್ನಿಸಿದವನು ಇನ್ನೊಂದು ಟಿಕೆಟ್ ತೆಗೆದುಕೊಳ್ಳಲೇಬೇಕಿತ್ತು.

ಈ ಸ್ಥಿತಿ ಬದಲಾಗಲು ಶುರುವಾಗಿದ್ದು ಎಂಬತ್ತರ ದಶಕದಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ಮರುವರ್ಷ ಆಗಸ್ಟ್ ೧೫ಕ್ಕೆ ಬಣ್ಣ ಬಂತು, ನವೆಂಬರ್‌ನಲ್ಲಿ ದೆಹಲಿಯ ಏಷ್ಯನ್ ಗೇಮ್ಸ್. ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲ ಅದು, ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ನಮ್ಮ ಬೀದಿಯಲ್ಲಿ ಮೊದಲು ಟಿವಿ ಬಂದದ್ದು ಒಬ್ಬರು ಸ್ಕೂಲ್ ಟೀಚರಮ್ಮನ ಮನೆಗೆ. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ಮೇಲೊಂದು ಕ್ರೋಷಾ ಹೊದಿಕೆ. ವಾರಕ್ಕೊಂದು ಕನ್ನಡ ಚಿತ್ರ ಬರುವ ದಿನ ಅವರ ಹಾಲ್‌ನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಧ್ಯೆ ಮಧ್ಯೆ 'ರುಕಾವಟ್ ಕೇ ಲಿಯೇ ಖೇದ್ ಹೈ' ಅಂತ ಬಂದರೆ ನಮ್ಮಲ್ಲಿ ಹಿಂದಿ ಬಾರದವರಿಗೂ ಅರ್ಥ ಆಗ್ತಿತ್ತು :-)

ಅಂದರೆ ನಮ್ಮ ಕಡೆ ಮೊದಲ 'ಹೋಂ ಥಿಯೇಟರ್' ಅದು. ಮನೆಯೇ ಥಿಯೇಟರ್. ಮೂವತ್ತು ಜನ, ಇಪ್ಪತ್ತು ಇಂಚಿನ ಪರದೆ. ೧೯೮೭ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ಬೀದಿ ಖಾಲಿ, ಟಿವಿ ಇದ್ದ ಮನೆಗಳು ಭರ್ತಿ.

ಆಮೇಲೆ ಬಂತು ವಿಸಿಆರ್. ಕೊಳ್ಳಲು ಯಾರ ಹತ್ತಿರ ದುಡ್ಡಿತ್ತು? ಬಾಡಿಗೆಗೆ ತರೋದು. ನಾಮಕರಣಕ್ಕೋ, ಮದುವೆ ಮುಗಿದ ರಾತ್ರಿಗೋ, ಶಿವರಾತ್ರಿ ಜಾಗರಣೆಗೋ ಟಿವಿ, ವಿಸಿಆರ್, ಮೂರು ಕ್ಯಾಸೆಟ್. ಎಲ್ಲರೂ ದುಡ್ಡು ಹಾಕಿ ತಂದದ್ದಾದ್ದರಿಂದ ಬೆಳಗಿನ ಜಾವದವರೆಗೆ ಕಣ್ಣುಜ್ಜಿಕೊಂಡಾದರೂ ಮೂರನ್ನೂ ನೋಡಿ ಮುಗಿಸಲೇಬೇಕು. ಕಳ್ಳ ಕ್ಯಾಸೆಟ್ ಹಾವಳಿ ಎಷ್ಟಾಯಿತೆಂದರೆ ೧೯೮೪ರಲ್ಲಿ ಕೃತಿಸ್ವಾಮ್ಯ ಕಾಯಿದೆಗೇ ತಿದ್ದುಪಡಿ ತಂದರು. ತೊಂಬತ್ತರ ದಶಕದ ಶುರುವಿನಲ್ಲಿ ಕೇಬಲ್ ಬಂತು, ೧೯೯೪ರಲ್ಲಿ ಉದಯ ಟಿವಿ ಬಂತು. ದಿನಕ್ಕೊಂದು ಕನ್ನಡ ಸಿನಿಮಾ ಮನೆಯಲ್ಲೇ, ಬಿಟ್ಟಿಯಾಗಿ!

ಈಗ ನನ್ನ ಗೆಳೆಯನ ಆರೋಪಕ್ಕೆ ಬರೋಣ. ಟಿವಿ ಬಂದಾಗ ನಂದಾ ಮುಚ್ಚಲಿಲ್ಲ. ವಿಸಿಆರ್ ಬಂದಾಗಲೂ ಮುಚ್ಚಲಿಲ್ಲ. ಕೇಬಲ್‌ನವನು ತಂತಿ ಎಳೆದ ತೊಂಬತ್ತರ ದಶಕದಲ್ಲೂ ನಮ್ಮ ಬಡಾವಣೆಯ ಟಾಕೀಸುಗಳು ಉಸಿರಾಡುತ್ತಿದ್ದವು. ಅವಕ್ಕೆ ಪೆಟ್ಟು ಬಿದ್ದದ್ದು ಮುಖ್ಯವಾಗಿ ಕಾಲ ಕೆಳಗಿನ ಮಣ್ಣಿನಿಂದ ಅಂತ ನನ್ನ ಅನಿಸಿಕೆ. ಜಯನಗರದ ಅಷ್ಟು ದೊಡ್ಡ ಜಾಗದಲ್ಲಿ ದಿನಕ್ಕೆ ನಾಲ್ಕು ಆಟ ಹಾಕಿ, ಅರ್ಧ ತುಂಬಿದ ಹಾಲ್‌ನಿಂದ ಹುಟ್ಟುವ ದುಡ್ಡೆಷ್ಟು? ಅದೇ ಜಾಗದಲ್ಲಿ ಕಟ್ಟಡ ಎಬ್ಬಿಸಿದರೆ ಬರುವ ಬಾಡಿಗೆಯೆಷ್ಟು? ಲೆಕ್ಕ ಹಾಕಲು ಮಾಲೀಕರು ಆರ್ಯಭಟ ಆಗಬೇಕಿರಲಿಲ್ಲ. ಶಾಂತಿ ಹೋಯಿತು. ನಂದಾ ಹೋಗಿ ರಸ್ತೆಗೆ ಹೆಸರು ಮಾತ್ರ ಉಳಿಯಿತು, ಇವತ್ತಿಗೂ ಆಟೋದವರಿಗೆ 'ನಂದಾ ಟಾಕೀಸ್ ರೋಡ್' ಅಂದರೇ ಗೊತ್ತಾಗೋದು. ಸ್ವಾಗತ್ ಇದ್ದ ಕಡೆ ಮಾಲ್ ಎದ್ದಿತು. ಪುಟ್ಟಣ್ಣ ಇದ್ದದ್ದು ಪಾಲಿಕೆಯ ಜಾಗದಲ್ಲಿ, ಅದೂ ಉಳಿಯಲಿಲ್ಲ. ನಮ್ಮ ಕಡೆ ಮಾತ್ರ ಅಲ್ಲ, ಗಾಂಧಿನಗರದ ಅಷ್ಟು ದೊಡ್ಡ ಕಪಾಲಿ ಕೂಡ ೨೦೧೭ರಲ್ಲಿ ಬಾಗಿಲು ಹಾಕಿತು.

ಇತ್ತ ೨೦೦೪ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಹನ್ನೊಂದು ಪರದೆಗಳ ಪಿವಿಆರ್ ತೆರೆಯಿತು. ಅದನ್ನು ಬೈಯುವುದು ಸುಲಭ. ಆದರೆ ೨೦೦೬ರ ಡಿಸೆಂಬರ್ ಕೊನೆಗೆ ಬಂದ 'ಮುಂಗಾರು ಮಳೆ' ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಓಡಿದ್ದನ್ನೂ ಹೇಳಬೇಕು. ಮಲ್ಟಿಪ್ಲೆಕ್ಸಿಗೆ ಕನ್ನಡ ಒಗ್ಗಲ್ಲ ಅನ್ನುತ್ತಿದ್ದವರ ಬಾಯಿ ಮುಚ್ಚಿಸಿದ ಸಿನಿಮಾ ಅದು. ನನ್ನ ತಕರಾರು ಭಾಷೆಯದ್ದಲ್ಲ, ದೂರದ್ದು. ಮ್ಯಾಟಿನಿಗೆ ನಡೆದು ಹೋಗುತ್ತಿದ್ದ ಅಮ್ಮ ಈಗ ಕಾರು, ಸಿಗ್ನಲ್ಲು, ಬೇಸ್‌ಮೆಂಟು, ಲಿಫ್ಟು, ಎಸ್ಕಲೇಟರ್ ಎಲ್ಲ ದಾಟಬೇಕು.

ಒಂದು ಸಲ ಕರೆದುಕೊಂಡು ಹೋಗಿದ್ದೆ, ಯಾವ ಮಾಲ್ ಅನ್ನೋದು ಬೇಡ. ಅಮ್ಮನಿಗೆ ಆಗಲೇ ಮಂಡಿನೋವು. ಇಂಟರ್ವಲ್ ಮುಗಿದು ದೀಪ ಆರಿದ ಮೇಲೆ ಕಾರ್ಪೆಟ್ ಹಾಸಿದ ಮೆಟ್ಟಿಲಿನ ಅಂಚು ಕಾಣದೆ, ಸೀಟುಗಳ ಬೆನ್ನು ಹಿಡಿದುಕೊಂಡು ಹತ್ತಿದಳು. ಬೀಳಲಿಲ್ಲ, ಪುಣ್ಯ. ಮನೆಗೆ ಬಂದು, "ಹಿನ್ನೆಲೆ ಸಂಗೀತ ಅಬ್ಬರ ಜಾಸ್ತಿ ಕಣೋ, ಮಾತೇ ಕೇಳಿಸಲ್ಲ. ಇನ್ನು ನನ್ನ ಕರೀಬೇಡ" ಅಂದಳು. ಅಲ್ಲಿಗೆ, ನಂದಾ ಕಾಲದ ಪ್ರೇಕ್ಷಕಿಯೊಬ್ಬಳು ಚಿತ್ರಮಂದಿರದಿಂದ ನಿವೃತ್ತಿ ಹೊಂದಿದ ಹಾಗಾಯಿತು.

ನಾನು ಎಸ್‌ಪಿ ರಸ್ತೆಗೆ ಹೋಗಿ ಹೋಂ ಥಿಯೇಟರ್ ತಂದದ್ದು ಅದಾದ ಮೇಲೆ. ೨೦೦೭ರಿಂದಲೇ ಮೋಸರ್ ಬೇರ್‌ನವರು ೨೮ ರೂಪಾಯಿಗೆ ವಿಸಿಡಿ, ೩೪ ರೂಪಾಯಿಗೆ ಡಿವಿಡಿ ಮಾರಲು ಶುರು ಮಾಡಿದ್ದರು. ಆ ಕಂಪನಿ ಈಗಿಲ್ಲ, ಡಿಸ್ಕ್‌ಗಳು ನಮ್ಮ ಬೀರುವಿನಲ್ಲಿ ಇನ್ನೂ ಇವೆ. ಬಾಕ್ಸ್ ಮೇಲಿನ ೫.೧ ಅಂದರೇನು ಅಂತ ಅಂಗಡಿಯವನನ್ನು ಕೇಳಿದ್ದೆ. ಎದುರಿಗೆ ಮೂರು, ಅಕ್ಕಪಕ್ಕ-ಹಿಂದಕ್ಕೆ ಎರಡು, ಒಟ್ಟು ಐದು ಸ್ಪೀಕರ್. ಪಾಯಿಂಟ್ ಒಂದು ಅಂದರೆ ಸಬ್‌ವೂಫರ್, ಸುಮಾರು ೧೨೦ ಹರ್ಟ್ಜ್‌ಗಿಂತ ಕೆಳಗಿನ ಗುಡುಗು-ಸಿಡಿಲಿಗೆ ಮೀಸಲು. ೧೯೯೨ರಲ್ಲಿ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದ ಜೊತೆ ಥಿಯೇಟರ್‌ಗೆ ಬಂದ ಡಾಲ್ಬಿ ಡಿಜಿಟಲ್ ಡಿವಿಡಿಯ ಮೂಲಕ ನಮ್ಮ ಹನ್ನೆರಡು ಅಡಿ ಹಾಲ್‌ಗೆ ಬಂದಿತ್ತು.

ನನಗೆ ಮುಖ್ಯವಾದದ್ದು ಗುಡುಗು-ಸಿಡಿಲಲ್ಲ, ನಡುವಿನ ಸ್ಪೀಕರ್. ಸಿನಿಮಾದ ಮಾತುಗಳು ಬಹುಪಾಲು ಅದರಿಂದಲೇ ಬರುತ್ತವೆ. ರಿಮೋಟ್ ಹಿಡಿದು ಸೆಟ್ಟಿಂಗಿಗೆ ಹೋಗಿ ಅದೊಂದರ ಮಟ್ಟವನ್ನು ಮೂರ್ನಾಲ್ಕು ಡೆಸಿಬಲ್ ಏರಿಸಿ, ಸಬ್‌ವೂಫರ್ ತಗ್ಗಿಸಿದೆ. (ಕೆಳಗಿನ ಮನೆಯವರೂ ಬಂದು ಗೋಡೆ ನಡುಗುತ್ತೆ ಅಂತ ಹೇಳಿದ್ದರು ಅನ್ನೋದು ಬೇರೆ ಮಾತು!) ಅಮ್ಮ ಸೋಫಾದಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಒಂದು ಸಂಭಾಷಣೆಗೆ ಪೂರ್ತಿ ನಕ್ಕಳು. ಬೇರೆಯವರು ನಗೋದನ್ನು ನೋಡಿ ಆಮೇಲೆ ನಕ್ಕಿದ್ದಲ್ಲ, ತಾನೇ ಕೇಳಿಸಿಕೊಂಡು ನಕ್ಕಿದ್ದು. ಎಷ್ಟು ದೊಡ್ಡ ಥಿಯೇಟರ್ ಆದರೂ ಒಬ್ಬಳು ಮುದುಕಿಗಾಗಿ ನಡುವಿನ ಸ್ಪೀಕರ್ ಏರಿಸುವುದಿಲ್ಲವಲ್ಲ. ಮನೆಯೇ ವಾಸಿ ಅಂತ ನಾನು ತೀರ್ಮಾನ ಮಾಡಿದ್ದು ಆ ಕ್ಷಣ.

೨೦೨೦ರಲ್ಲಿ ಕೊರೋನಾ ಬಂದು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಥಿಯೇಟರ್ ಮುಚ್ಚಿದಾಗ ಎಲ್ಲರೂ ನನ್ನ ದಾರಿಗೇ ಬಂದರು. ಪುನೀತ್ ರಾಜ್‌ಕುಮಾರ್ ಅವರ ನಿರ್ಮಾಣ ಸಂಸ್ಥೆಯ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಆ ಜುಲೈನಲ್ಲಿ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು. ಗೆದ್ದೆ ಅಂದುಕೊಂಡೆ. ಆದರೆ ಹೊಸ ತಲೆನೋವು ಬೇರೆ ಕಡೆಯಿಂದ ಬಂತು. ಮೆಜೆಸ್ಟಿಕ್‌ನಲ್ಲಿ ಕನ್ನಡ ಚಿತ್ರಕ್ಕೆ ಥಿಯೇಟರ್ ಸಿಗದಿದ್ದರೆ ಗಲಾಟೆ ಮಾಡಬಹುದು, ಧರಣಿ ಕೂರಬಹುದು. ೨೦೨೫ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ ೨೦೦ ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸರಿಯೋ ತಪ್ಪೋ, ಕೇಳಲು ಒಂದು ಜಾಗವಿದೆ. ಮನೆಯ ಪರದೆಯಲ್ಲಿ ಏನು ಬರಬೇಕು ಅನ್ನೋದನ್ನು ತೀರ್ಮಾನಿಸುವವರ ಆಫೀಸು ಎಲ್ಲಿದೆ? ರಕ್ಷಿತ್ ಶೆಟ್ಟಿಯವರ ಪರಂವಃ ತಂಡ 'ಏಕಂ' ಸರಣಿಗೆ ಒಟಿಟಿಗಳಲ್ಲಿ ಕೊಳ್ಳುವವರು ಸಿಗದೆ ೨೦೨೪ರ ಜುಲೈನಲ್ಲಿ ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ನನ್ನ ಹಾಲ್‌ನಲ್ಲಿ ಆರು ಸ್ಪೀಕರ್ ಇವೆ, ಅವುಗಳಲ್ಲಿ ಕನ್ನಡ ಎಷ್ಟು ಕೇಳಿಸುತ್ತೆ ಅನ್ನೋದು ನನ್ನ ಕೈಯಲ್ಲಿಲ್ಲ.

ಇನ್ನೊಂದು ಮಾತು ಅಮ್ಮನಿಂದಲೇ ಬಂತು. ಹೋದ ವರ್ಷ 'ಬಂಗಾರದ ಮನುಷ್ಯ' ಹಾಕಿದ್ದೆ. "ಇಷ್ಟು ಚೆನ್ನಾಗಿ ಕಾಣ್ತಿದೆ, ಪಕ್ಕದ ಮನೆಯೋರನ್ನೂ ಕರಿ" ಅಂದಳು. ಹೋಗಿ ಕರೆದೆ. ಅವರು ನಗುತ್ತಾ, "ನಮ್ಮನೇಲೂ ದೊಡ್ಡ ಟಿವಿ ಇದೆಯಲ್ಲ ಸಾರ್" ಅಂದರು. ಅವರ ತಪ್ಪೇನಿಲ್ಲ. ವಾಪಸ್ ಬಂದು ಹೇಳಿದರೆ ಅಮ್ಮ ಸುಮ್ಮನಿದ್ದು, ಆಮೇಲೆ "ಟೀಚರಮ್ಮನ ಮನೇಲಿ ನಮ್ಮ ಕೆಲಸದೋಳ ಮಕ್ಕಳು ಕಿಟಕಿ ಆಚೆ ನಿಂತು ನೋಡ್ತಿದ್ವು, ನೆನಪಿದೆಯಾ? ಯಾರೂ ಒಳಗೆ ಕರೀತಿರಲಿಲ್ಲ. ನಂದಾದಲ್ಲಿ ಅವಳು ಗಾಂಧಿ ಕ್ಲಾಸಲ್ಲಿ ಕೂತು ನಮ್ಮ ಜೊತೇಲೇ ಪಿಕ್ಚರ್ ನೋಡಿದ್ದಳು" ಅಂದಳು.

ನನಗೆ ಆ ಮಕ್ಕಳು ನೆನಪಿದ್ದರು. ಕಿಟಕಿ ಸರಳು ಹಿಡಿದ ಕೈಗಳು ಕೂಡ. ನಾನು ಒಳಗೆ ಚಾಪೆಯ ಮೇಲಿದ್ದೆ, ಅದರಲ್ಲಿ ತಪ್ಪೇನಾದರೂ ಇದೆ ಅಂತ ಅವತ್ತು ಅನ್ನಿಸಿರಲಿಲ್ಲ.

ಟಾಕೀಸಿನಲ್ಲಿ ಗಾಂಧಿ ಕ್ಲಾಸ್, ಬಾಲ್ಕನಿ ಅಂತ ಭೇದ ಇತ್ತು, ನಿಜ. ಆದರೂ ಟಿಕೆಟ್ ಹಿಡಿದವನು ಒಳಗೆ ಬರಲು ಯಾರ ದಾಕ್ಷಿಣ್ಯಕ್ಕೂ ಕಾಯಬೇಕಿರಲಿಲ್ಲ. ಮನೆಯ ಸಿನಿಮಾದಲ್ಲಿ ಬಾಗಿಲು ಮನೆಯವರದ್ದು. ಟೀಚರಮ್ಮನ ಬಾಗಿಲು ಅರ್ಧ ತೆರೆದಿತ್ತು. ನಮ್ಮದು ಪೂರ್ತಿ ಮುಚ್ಚಿದೆ, ಮೇಲಾಗಿ ಏಸಿ ಹಾಕಿದ್ದೇವೆ.

ಹಾಗಾಗಿ ಗೆಳೆಯನಿಗೆ ನನ್ನ ಉತ್ತರ ಇಷ್ಟು. ನಾನು ಥಿಯೇಟರ್ ಮುಚ್ಚಿಸಲಿಲ್ಲ ಕಣಪ್ಪಾ, ಅದು ನಮ್ಮ ಬೀದಿ ಬಿಟ್ಟು ಹೋಯಿತು, ನಾನು ಇದ್ದಲ್ಲೇ ಇದ್ದೇನೆ. ಅಮ್ಮ ಇರುವವರೆಗೂ ಮನೆಯಲ್ಲೇ ನೋಡುತ್ತೇನೆ. ಆದರೆ ಏನು ಕಳೆದುಕೊಂಡೆವು ಅಂತ ಕೇಳಿದರೆ, ದೊಡ್ಡ ಪರದೆ ಅಂತ ಹೇಳಲಾರೆ.

ಅಂದಹಾಗೆ, ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವರು. ಹೆಂಡತಿ, ಇಬ್ಬರು ಮಕ್ಕಳು ಕೆಳಗಿನ ಸಣ್ಣ ರೂಮಿನಲ್ಲಿರುತ್ತಾರೆ, ಒಂದೇ ಮೊಬೈಲ್‌ನಲ್ಲಿ ನಾಲ್ವರೂ ಸಿನಿಮಾ ನೋಡುತ್ತಾರೆ. ಮುಂದಿನ ಭಾನುವಾರಕ್ಕೆ ಅವರನ್ನು ಕರೆಯಲು ಅಮ್ಮ ನನಗೆ ಹೇಳಲಿಲ್ಲ, ತಾನೇ ಲಿಫ್ಟ್‌ನಲ್ಲಿ ಇಳಿದು ಹೋಗಿ ಕರೆದು ಬಂದಿದ್ದಾಳೆ. ಯಾವ ಪಿಕ್ಚರ್ ಹಾಕಬೇಕು ಅಂತ ಮಕ್ಕಳನ್ನೇ ಕೇಳಬೇಕಂತೆ.

ನಿಮ್ಮ ಬೀದಿಯ ಮೊದಲ ಟಿವಿ ಯಾರ ಮನೆಯಲ್ಲಿತ್ತು? ನೀವು ಚಾಪೆಯ ಮೇಲಿದ್ದಿರೋ, ಕಿಟಕಿಯ ಆಚೆಗೋ?