ಪಿಪ್‌ಗೆ ದುಡ್ಡು ಕಳಿಸಿದ್ದು ಯಾರು?

ಇವತ್ತಿನ ಎಪಿಸೋಡ್ ಒಂದು ಕಾದಂಬರಿ ಬಗ್ಗೆ. ನಿಜ ಹೇಳ್ಬೇಕಂದ್ರೆ, ಅದರ ಹಿಂದಿರೋ ಒಂದು ಶಿಕ್ಷೆ ಬಗ್ಗೆ. ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ಅವನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಬೇರೊಬ್ಬರ ಧಾರಾವಾಹಿ ಓಡದೆ ಪತ್ರಿಕೆ ಮಾರಾಟ ಕುಸೀತಾ ಇತ್ತು. ಅದನ್ನ ಎತ್ತಿ ನಿಲ್ಲಿಸೋಕೆ ಡಿಕನ್ಸ್ ತಾನೇ ಬರೆಯೋಕೆ ಕೂತ. ಓದಿಲ್ಲದವರಿಗೆ ಮೊದಲೇ ಹೇಳ್ಬಿಡ್ತೀನಿ, ಕಥೆಯ ಗುಟ್ಟು ಈಗ ಹೊರಗೆ ಬರುತ್ತೆ.

ಇಂಗ್ಲೆಂಡಿನ ಕೆಂಟ್ ಸೀಮೆ, ಜೌಗು ನೆಲ, ಚಳಿ. ಚರ್ಚಿನ ಸ್ಮಶಾನದಲ್ಲಿ ಅನಾಥ ಹುಡುಗ ಪಿಪ್‌ನನ್ನ ಒಬ್ಬ ಕೈದಿ ಹಿಡ್ಕೋತಾನೆ. ಕಾಲಲ್ಲಿ ಕಬ್ಬಿಣದ ಬೇಡಿ. ಹುಡುಗ ಹೆದರಿ, ಮಾರನೇ ದಿನ ಮಂಜಿನಲ್ಲೇ ಅವನಿಗೆ ಊಟ ತಂದುಕೊಡ್ತಾನೆ, ಬೇಡಿ ಕೊಯ್ಯೋಕೆ ಒಂದು ಅರ ಕೂಡ. ಅರ ಕದ್ದದ್ದು ಭಾವ ಜೋನ ಕಮ್ಮಾರಸಾಲೆಯಿಂದ. ಹಾಗೆ ಕೊಯ್ದ ಬೇಡಿಯಿಂದಲೇ ವರ್ಷಗಳ ನಂತರ ಪಿಪ್‌ನ ಅಕ್ಕನ ತಲೆಗೆ ಏಟು ಬೀಳುತ್ತೆ. ಡಿಕನ್ಸ್ ಒಂದು ವಸ್ತು ತಂದ ಅಂದ್ರೆ ಸುಮ್ಮನೆ ಬಿಡೋನಲ್ಲ.

ಕೈದಿ ಬಂದದ್ದು ಹಡಗು ಜೈಲಿನಿಂದ. ಬ್ರಿಟನ್ ತನ್ನ ಅಪರಾಧಿಗಳನ್ನ ಅಮೆರಿಕಕ್ಕೆ ಸಾಗಿಸ್ತಾ ಇತ್ತು. ಅಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. 1776ರಲ್ಲಿ ಹಳೇ ಹಡಗುಗಳನ್ನೇ ನದಿಯಲ್ಲಿ ಲಂಗರು ಹಾಕಿ ಜೈಲು ಮಾಡಿದ್ರು. 1788ರಿಂದ ಆಸ್ಟ್ರೇಲಿಯಾ. 1868ರಲ್ಲಿ ನಿಲ್ಲೋ ಹೊತ್ತಿಗೆ ಅಲ್ಲಿಗೆ ಹೋದವರು ಸುಮಾರು 1,60,000 ಜನ. ನಾವು ಕರಿನೀರಿನ ಶಿಕ್ಷೆ ಅಂತೀವಲ್ಲ, ಅದೇ ಜಾತಿಯದು. ಈ ಕಾದಂಬರಿ ಶುರುವಾಗೋಕೆ ಎರಡು ವರ್ಷ ಮೊದಲು, 1858ರಲ್ಲಿ, ಅದೇ ಸರ್ಕಾರ ಅಂಡಮಾನ್‌ಗೂ ಕೈದಿಗಳನ್ನ ಕಳಿಸೋಕೆ ಶುರುಮಾಡಿತ್ತು.

ನಮ್ಮ ಕೈದಿ ಹೆಸರು ಮ್ಯಾಗ್‌ವಿಚ್. ಅವನ ಜೊತೆ ಅದೇ ಕೇಸಿನಲ್ಲಿ ನಿಂತವನು ಕಾಂಪೇಸನ್. ವಂಚನೆಯ ತಲೆ ಅವನದೇ. ಆದ್ರೆ ಗುಂಗುರು ಕೂದಲು, ಬಿಳೀ ಕರ್ಚೀಫು, ಓದಿದವನ ಮಾತು. ಅವನಿಗೆ 7 ವರ್ಷ, ಮ್ಯಾಗ್‌ವಿಚ್‌ಗೆ 14. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಬೇರು ಇಲ್ಲಿದೆ. ಆ ಕೋರ್ಟಿನಲ್ಲಿ ಮ್ಯಾಗ್‌ವಿಚ್ ಕಲಿತ ಪಾಠ ಒಂದೇ: ‘ಜೆಂಟಲ್‌ಮನ್’ ಥರ ಕಾಣೋನಿಗೆ ಶಿಕ್ಷೆಯೂ ಕಮ್ಮಿ. ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದ ಮೇಲೆ ಅವನಿಗೆ ಜೀವಾವಧಿ ಗಡೀಪಾರು. ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿ ದುಡ್ಡು ಮಾಡ್ತಾನೆ. ಊಟ ಕೊಟ್ಟ ಹುಡುಗನನ್ನ ಜೆಂಟಲ್‌ಮನ್ ಮಾಡ್ಬೇಕು ಅಂತ ಹೆಸರು ಹೇಳದೆ ಕಳಿಸ್ತಾನೆ.

ಪಿಪ್ ಅಂದುಕೊಂಡಿದ್ದು ಬೇರೆ. ಊರಲ್ಲಿ ಮಿಸ್ ಹ್ಯಾವಿಶಮ್ ಅನ್ನೋ ಸಿರಿವಂತೆ ಇದ್ದಾಳೆ. ಮದುವೆ ದಿನ ವರ ಕೈಕೊಟ್ಟ. ಮನೆಯ ಗಡಿಯಾರಗಳೆಲ್ಲ ಎಂಟು ನಲವತ್ತಕ್ಕೆ ನಿಂತಿವೆ. ಮದುವೆ ಬಟ್ಟೆ ಮೈಮೇಲೇ ಹಳದಿಯಾಗಿದೆ, ಕೇಕಿನ ಮೇಲೆ ಜೇಡರಬಲೆ. ಈ ಕೊಳೆತ ಮನೆಯಿಂದಲೇ ತನ್ನ ಭಾಗ್ಯ ಬಂತು ಅಂತ ಪಿಪ್ ನಂಬ್ತಾನೆ, ಅವಳೂ ಬೇಕಂತಲೇ ಸುಮ್ಮನಿರ್ತಾಳೆ. ಅವಳಿಗೆ ಕೈಕೊಟ್ಟ ಆ ವರ ಯಾರು ಗೊತ್ತಾ? ಕಾಂಪೇಸನ್.

ಈಗ ಕಾನೂನು. ಜೀವಾವಧಿ ಗಡೀಪಾರಾದವನು ವಾಪಸ್ ಬಂದ್ರೆ ಮರಣದಂಡನೆ. ಅದನ್ನ ತೆಗೆದದ್ದು 1834ರಲ್ಲಿ, ಕಥೆ ನಡೆಯೋದು ಅದಕ್ಕೂ ಮುಂಚೆ. ಗೊತ್ತಿದ್ದೂ ಮ್ಯಾಗ್‌ವಿಚ್ ಬರ್ತಾನೆ, ತಾನು ಮಾಡಿದ ಜೆಂಟಲ್‌ಮನ್‌ನನ್ನ ಒಮ್ಮೆ ಕಣ್ಣಾರೆ ನೋಡೋಕೆ. ಪಿಪ್‌ಗೆ ಮೊದಲು ಅಸಹ್ಯ ಆಗುತ್ತೆ. ಆಮೇಲೆ ಅದೇ ಮನುಷ್ಯನ ಕೈ ಹಿಡಿದು ಕೋರ್ಟಿನಲ್ಲಿ ನಿಲ್ತಾನೆ. ಇಂಥ ಅಪರಾಧಿಯ ಆಸ್ತಿ ಸರ್ಕಾರಕ್ಕೆ ಸೇರೋದು ಆಗಿನ ನಿಯಮ, 1870ರವರೆಗೂ ಇತ್ತು. ಪಿಪ್‌ಗೆ ಒಂದು ಕಾಸೂ ಉಳಿಯಲ್ಲ.

ಇಷ್ಟೆಲ್ಲ ಆಗೋ ಮುಂಚೆ ಒಂದು ದೃಶ್ಯ ಇದೆ. ಲಂಡನ್‌ನಲ್ಲಿರೋ ಪಿಪ್‌ನನ್ನ ನೋಡೋಕೆ ಭಾವ ಜೋ ಬರ್ತಾನೆ. ದುಡ್ಡು ಕೊಟ್ಟು ತಡೆಯೋ ಹಾಗಿದ್ರೆ ತಡೀತಿದ್ದೆ ಅಂತ ಪಿಪ್ ಒಪ್ಪಿಕೊಳ್ತಾನೆ. ಹಳ್ಳಿಯಿಂದ ಅಪ್ಪ ಪಿ.ಜಿ.ಗೆ ಬಂದಾಗ ರೂಮ್‌ಮೇಟ್ ಮುಖ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಜೋ ತನ್ನ ಟೋಪಿ ಎಲ್ಲಿಡೋದು ಗೊತ್ತಾಗದೆ ಒದ್ದಾಡ್ತಾನೆ. ತಾನೇ ಸಾಕಿದ ಹುಡುಗನನ್ನ ‘ಸರ್’ ಅಂತಾನೆ.

ಡಿಕನ್ಸ್‌ಗೂ ಇಂಥದೊಂದು ನಾಚಿಕೆ ಇತ್ತು. 1824ರಲ್ಲಿ ಅಪ್ಪ ಸಾಲಕ್ಕೆ ಜೈಲಿಗೆ ಹೋದಾಗ, 12 ವರ್ಷದ ಹುಡುಗ ಬೂಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಲೇಬಲ್ ಅಂಟಿಸ್ತಿದ್ದ. ಬದುಕಿರೋವರೆಗೂ ಅದನ್ನ ಓದುಗರಿಗೆ ಹೇಳಲಿಲ್ಲ, ಹೊರಬಂದದ್ದು ಗೆಳೆಯ ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಲ್ಲಿ, ಡಿಕನ್ಸ್ ಸತ್ತ ಮೇಲೆ. ಆದ್ರೆ ಈ ದೃಶ್ಯದಲ್ಲಿ, ಲಂಡನ್‌ನಲ್ಲಿ ಏನು ನೋಡಿದ್ರಿ ಅಂತ ಕೇಳಿದಾಗ ಜೋ ಕೊಡೋ ಉತ್ತರ ಗಮನಿಸಿ. ಬಂದವನೇ ನೇರವಾಗಿ ಬೂಟ್ ಪಾಲಿಶ್ ಗೋದಾಮು ನೋಡೋಕೆ ಹೋಗಿದ್ದನಂತೆ. ಅಂಗಡಿ ಬಾಗಿಲಲ್ಲಿ ಅಂಟಿಸಿದ ಜಾಹೀರಾತಿನ ಚಿತ್ರದಷ್ಟು ಚೆನ್ನಾಗಿರಲಿಲ್ಲವಂತೆ.