ವೆಲೊಸಿಯೊ ಹಾಕಿಕೊಟ್ಟ ದಾರಿ

ಸೈಕಲ್ಲಿನಲ್ಲಿ ನಾಲ್ಕಾರು ದಿನದ ಪ್ರವಾಸ ಹೊರಡುವವರು ನನ್ನ ಬಳಿ ಮೊದಲು ವಿಚಾರಿಸುವುದು ಕಾಲಿನ ಬಲದ ಬಗ್ಗೆ. ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು, ವಾರಕ್ಕೆ ಎಷ್ಟು ಸಲ ನಂದಿ ಬೆಟ್ಟ ಹತ್ತಬೇಕು? ನಾನು ಊಟ, ನಿದ್ದೆಯ ಮಾತು ತೆಗೆಯುತ್ತೇನೆ. ಈ ಪಾಠ ನನಗೆ ಸಿಕ್ಕಿದ್ದು ಪಾಲ್ ದ ವಿವಿ ಎಂಬ ಫ್ರೆಂಚ್ ಸೈಕಲ್ ಸವಾರನಿಂದ.

ದೂರದ ಸವಾರಿಯ ಮೊದಲ ವೀರರಲ್ಲಿ ಹಲವರು ರೇಸಿನವರು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ಪಂದ್ಯವನ್ನು ಚಾರ್ಲ್ಸ್ ಟೆರೊಂ ನಿದ್ದೆಯಿಲ್ಲದೆ 72 ಗಂಟೆಯೊಳಗೆ ಮುಗಿಸಿದ. ಅದ್ಭುತವೇ ಸರಿ. ಆದರೆ ಕೆಲಸಕ್ಕೆ ರಜೆ ಹಾಕಿ ಊರು ನೋಡಲು ಹೊರಟವನಿಗೆ ಅದರಿಂದ ಕಲಿಯುವುದು ಕಡಿಮೆ.

1853ರಲ್ಲಿ ಹುಟ್ಟಿದ ದ ವಿವಿ ರೇಷ್ಮೆ ವ್ಯಾಪಾರ ಬಿಟ್ಟು, ಕಲ್ಲಿದ್ದಲಿನ ಊರಾದ ಸೇಂಟ್ ಎಟಿಯೆನ್‌ನಲ್ಲಿ ಸೈಕಲ್ ಅಂಗಡಿ ಇಟ್ಟ. 1887ರಲ್ಲಿ ಪತ್ರಿಕೆ ಆರಂಭಿಸಿ ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆದ. ಊರ ಪಕ್ಕದಲ್ಲೇ 1,161 ಮೀಟರ್ ಎತ್ತರದ ರಿಪಬ್ಲಿಕ್ ಘಾಟಿ. ಅಲ್ಲಿ ಹತ್ತಿಳಿದು, ರಾತ್ರಿಯಿಡೀ ಪ್ರೊವೆನ್ಸ್ ಕಡೆಗೆ ತುಳಿದು, ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡ. ಹೊರಬಿದ್ದ ನಿಯಮಗಳು ಸರಳ: ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ. ಹೆಚ್ಚು ನಿಲ್ಲಬೇಡಿ, ನಿಂತರೂ ಬೇಗ ಹೊರಡಿ. ದಾರಿಯಲ್ಲಿ ಮದ್ಯ, ಮಾಂಸ, ತಂಬಾಕು ಬೇಡ. ಊಟ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬೇಡಿ. ಇನ್ನೊಬ್ಬರ ಎದುರು ಮೆರೆಯಲು ಪೆಡಲ್ ತುಳಿಯಬೇಡಿ. ಈ ಕೊನೆಯದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಮುಂದೆ ಹೋಗುವವನ ಬೆನ್ನು ಕಂಡರೆ ಕಾಲು ಸುಮ್ಮನಿರುವುದಿಲ್ಲ.

ಗಿಯರಿಗಾಗಿಯೂ ಅವನು ಹಟ ಹಿಡಿದ. ಆಗಿನ ಸೈಕಲ್ಲಿಗೆ ಒಂದೇ ಗಿಯರ್, ಬಯಲಿಗೂ ಏರಿಗೂ ಅದೇ. ಅವನು ಎರಡು ಚೈನ್ ಹಾಕಿ ನೋಡಿದ, ಹಲ್ಲುಚಕ್ರ ಬದಲಿಸಿ ನೋಡಿದ. 1903ರಲ್ಲಿ ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್‌ಗೆ ಗಿಯರ್ ಬದಲಿಸುವುದು ಗಂಡಸುತನವಾಗಿ ಕಾಣಲಿಲ್ಲ. ಚೈನ್ ಸರಿಸಿ ಗಿಯರ್ ಬದಲಿಸುವ ಡಿರೇಲರ್‌ಗೆ ಆ ಪಂದ್ಯದಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಐವತ್ತು ದಾಟಿದವರೂ ಇಂದು ಘಾಟಿ ಹತ್ತುತ್ತಾರೆಂದರೆ ಅದರಲ್ಲಿ ದ ವಿವಿಯ ಪಾಲು ದೊಡ್ಡದು. 1930ರಲ್ಲಿ ಟ್ರಾಮ್ ಬಡಿದು ಅವನು ತೀರಿಕೊಂಡ.

ರೇಸಲ್ಲದ ಇಂಥ ಸವಾರಿಗೆ ವ್ಯವಸ್ಥೆಯೂ ಬಂತು: ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ 1921ರಲ್ಲಿ, ಗುಂಪಿನ ವೇಗಕ್ಕೆ ಕಟ್ಟುಬೀಳದೆ ತಮ್ಮ ಲಯದಲ್ಲೇ ತುಳಿಯುವವರಿಗಾಗಿ ಬ್ರೆವೆ ಎಂಬ, ಗೊತ್ತಾದ ಅವಧಿಯೊಳಗೆ ಮುಗಿಸುವ ದೂರದ ಸವಾರಿ ಏರ್ಪಡಿಸಿತು. ಬೆಂಗಳೂರಿನಲ್ಲಿ ನಡೆಯುವ ಬ್ರೆವೆಗಳು ಅದೇ ಪರಂಪರೆಯವು: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗೆದ್ದವರು ಸೋತವರು ಎಂಬುದಿಲ್ಲ. ಕಂಟ್ರೋಲ್ ಎನ್ನುವ ದಾರಿಯ ತಪಾಸಣಾ ಜಾಗದಲ್ಲಿ ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಲು ನಿಂತಾಗ ಹೊಸಬರ ಜರ್ಸಿಯ ಬೆನ್ನ ಜೇಬಿನತ್ತ ನನ್ನ ಕಣ್ಣು ಹೋಗುತ್ತದೆ. ನೂರು ಕಿಲೋಮೀಟರ್ ಕಳೆದರೂ ಬೆಳಿಗ್ಗೆ ತುಂಬಿಕೊಂಡ ಚಿಕ್ಕಿ, ಬಾಳೆಹಣ್ಣು ಹಾಗೇ ಉಬ್ಬಿಕೊಂಡಿದ್ದರೆ, ಇನ್ನು ಸ್ವಲ್ಪ ದೂರಕ್ಕೆ ಇವರು ಕುಸಿಯುತ್ತಾರೆಂದು ಗೊತ್ತಾಗುತ್ತದೆ. ತಿನ್ನಲು ಬಲವಂತ ಮಾಡುತ್ತೇನೆ.

ಪ್ರವಾಸಕ್ಕೆ ಸಿದ್ಧರಾಗುವವರಿಗೆ ನಾನು ಹೇಳುವ ಅಭ್ಯಾಸ ಹೀಗೆ: ಶನಿವಾರ ಲಗೇಜ್ ಕಟ್ಟಿಕೊಂಡು ದೂರ ಹೋಗಿ, ಭಾನುವಾರ ಅದೇ ಕಾಲಲ್ಲಿ ಮತ್ತೆ ಹೊರಡಿ. ನಡುವಿನ ರಾತ್ರಿ ಮುದ್ದೆ ರುಚಿಯಾಗಿ ಇಳಿದು, ಕಣ್ಣಿಗೆ ನಿದ್ದೆ ಹತ್ತಿದರೆ ಮುಂದಿನ ವಾರ ಹತ್ತು ಕಿಲೋಮೀಟರ್ ಹೆಚ್ಚಿಸಿ. ಇಲ್ಲವಾದರೆ ಭಾನುವಾರ ಮನೆಯಲ್ಲೇ ಇರಿ.